ಮೂರನೇ ಬಸಿರಿಗೆ ಬಾಂಡ್ ಇಲ್ಲ

2024ರಲ್ಲಿ ನಮ್ಮ ಕಡೆಯ ಅಂಗನವಾಡಿಗಳ ಮುಂದೆ ಹೊಸದೊಂದು ಓಡಾಟ ಶುರುವಾಯಿತು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಟ್ರಂಕಿನ ತಳದಲ್ಲಿ, ಮದುವೆ ಸೀರೆಯ ಕೆಳಗೆ ವರ್ಷಗಟ್ಟಲೆ ಇಟ್ಟಿದ್ದ ಭಾಗ್ಯಲಕ್ಷ್ಮಿ ಬಾಂಡುಗಳು ಹೊರಗೆ ಬಂದವು. ಆ ಯೋಜನೆಗೆ ಸೇರಿದ ಮೊದಲ ಹೆಣ್ಣುಮಕ್ಕಳಿಗೆ ಆ ವರ್ಷ 18 ತುಂಬಿತು. ಆಧಾರ್, ಪಾಸ್‌ಬುಕ್, ಮಾರ್ಕ್ಸ್ ಕಾರ್ಡ್ ಹಿಡಿದು ತಾಯಂದಿರು ಟೀಚರಮ್ಮನ ಹಿಂದೆ ತಿರುಗಿದರು.

ಅದಕ್ಕೆ ಕೆಲವೇ ತಿಂಗಳು ಮುಂಚೆ, 2023ರ ಕೊನೆಯಲ್ಲಿ, ಇಡೀ ರಾಜ್ಯ ಮಂಡ್ಯದ ಕಡೆ ತಿರುಗಿ ನೋಡಿತ್ತು. ಬೆಂಗಳೂರು ಪೊಲೀಸರು ಒಂದು ಜಾಲವನ್ನು ಬಯಲಿಗೆಳೆದಿದ್ದರು. ಬಸುರಿ ಹೆಂಗಸರನ್ನು ಕಾರಿನಲ್ಲಿ ಆಲೆಮನೆಯೊಂದಕ್ಕೆ ಕರೆದೊಯ್ದು ಸ್ಕ್ಯಾನ್ ಮಾಡಿ, ಹೆಣ್ಣು ಎಂದಾದರೆ ಮೈಸೂರಿನಲ್ಲಿ ಗರ್ಭ ತೆಗೆಸುತ್ತಿದ್ದರು ಎಂಬುದು ಆರೋಪ. ನೂರಾರು ಗರ್ಭಪಾತ ಆಗಿವೆ ಎಂದು ಪೊಲೀಸರು ಹೇಳಿದರು. ಸರ್ಕಾರ ತನಿಖೆಯನ್ನು ಸಿಐಡಿಗೆ ಕೊಟ್ಟಿತು. ಬೆಲ್ಲ ಕಾಯಿಸುವ ಜಾಗದಲ್ಲಿ ಸ್ಕ್ಯಾನಿಂಗ್ ಮೆಷಿನ್ ಎಂದು ಓದಿ ಜನ ಬೆಚ್ಚಿಬಿದ್ದರು.

ಒಂದು ಕಡೆ, ಹೆಣ್ಣು ಹುಟ್ಟಲಿ ಎಂದು ಸರ್ಕಾರ ಹದಿನೆಂಟು ವರ್ಷದಿಂದ ದುಡ್ಡು ಇಡುತ್ತಿದೆ. ಇನ್ನೊಂದು ಕಡೆ, ಹೆಣ್ಣು ಎಂದು ತಿಳಿದು ಗರ್ಭ ತೆಗೆಸುವ ಧಂದೆಯೂ ನಡೆಯುತ್ತಿದೆ. ಎರಡೂ ಒಂದೇ ರಾಜ್ಯದಲ್ಲಿ, ಒಂದೇ ಕಾಲದಲ್ಲಿ. ಇದು ಹೇಗೆ ಸಾಧ್ಯ? ಉತ್ತರ ಬೇಕಾದರೆ ಗರ್ಭಪಾತದ ವಿಷಯದಲ್ಲಿ ನಮ್ಮ ಸರ್ಕಾರಗಳು ನಡೆದು ಬಂದ ದಾರಿಯನ್ನು ಮೊದಲಿನಿಂದ ನೋಡಬೇಕು.

ಜೈಲಿನ ಭಯ: 1860

ಮೊದಲ ದಾರಿ ಶಿಕ್ಷೆಯದು. ಬ್ರಿಟಿಷರು 1860ರಲ್ಲಿ ಭಾರತೀಯ ದಂಡ ಸಂಹಿತೆ ತಂದರು. ಅದರ 312ನೇ ಕಲಂ ಪ್ರಕಾರ ಗರ್ಭಪಾತ ಮಾಡಿಸಿದವರಿಗೆ ಮೂರು ವರ್ಷದವರೆಗೆ ಸಜೆ. ಮಗು ಹೊಟ್ಟೆಯಲ್ಲಿ ಮಿಸುಕಾಡುವ ಹಂತ ತಲುಪಿದ್ದರೆ ಏಳು ವರ್ಷದವರೆಗೆ. ತಾಯಿಯ ಜೀವ ಉಳಿಸಲು ಮಾಡಿದ್ದರೆ ಮಾತ್ರ ವಿನಾಯಿತಿ. ತನ್ನ ಗರ್ಭವನ್ನು ತಾನೇ ತೆಗೆದುಕೊಂಡ ಹೆಂಗಸೂ ಈ ಕಾನೂನಿನ ಕಣ್ಣಲ್ಲಿ ಅಪರಾಧಿ.

ಕಾನೂನು ಬಂತು ಎಂದು ಗರ್ಭಪಾತ ನಿಲ್ಲಲಿಲ್ಲ. ಅದು ಕತ್ತಲಿಗೆ ಹೋಯಿತು. ಬೇಡದ ಬಸಿರು ನಿಂತವಳು ಗೊತ್ತಿದ್ದವರ ಹತ್ತಿರ, ಗೊತ್ತಿಲ್ಲದವರ ಹತ್ತಿರ ಹೋದಳು. ಬೇರು, ಕಡ್ಡಿ, ಕಷಾಯಗಳನ್ನು ನಂಬಿದಳು. ರಕ್ತಸ್ರಾವವಾದರೂ ಜೈಲಿನ ಭಯಕ್ಕೆ, ಮಾನದ ಭಯಕ್ಕೆ ಆಸ್ಪತ್ರೆ ಮೆಟ್ಟಿಲು ಹತ್ತಲಿಲ್ಲ. ಸತ್ತರೆ ಊರಿನವರು ಜ್ವರ ಬಂದು ಹೋದಳು ಅಂದರು.

ನೂರು ವರ್ಷ ಕಳೆದ ಮೇಲೆ, 1964ರಲ್ಲಿ, ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತು. ಮಹಾರಾಷ್ಟ್ರದ ಆರೋಗ್ಯ ಸಚಿವರಾಗಿದ್ದ ಶಾಂತಿಲಾಲ್ ಶಾ ಅದರ ಅಧ್ಯಕ್ಷರು. 50 ಕೋಟಿ ಜನಸಂಖ್ಯೆಯ ದೇಶದಲ್ಲಿ ವರ್ಷಕ್ಕೆ ಸುಮಾರು 39 ಲಕ್ಷ ಗರ್ಭಪಾತಗಳನ್ನು ಬೇಕೆಂದೇ ಮಾಡಿಸಲಾಗುತ್ತಿದೆ ಎಂದು ಸಮಿತಿ ಅಂದಾಜು ಮಾಡಿತು. ಇಷ್ಟೂ ಆಗುತ್ತಿದ್ದದ್ದು ಅದನ್ನು ಅಪರಾಧ ಎನ್ನುತ್ತಿದ್ದ ಕಾನೂನಿನ ಕೆಳಗೆ. ಶಿಕ್ಷೆಯ ದಾರಿ ಫಲ ಕೊಟ್ಟಿಲ್ಲ ಎನ್ನಲು ಇದಕ್ಕಿಂತ ಸಾಕ್ಷಿ ಬೇಕಾಗಿರಲಿಲ್ಲ.

ಮೈಸೂರು ಹಿಡಿದ ದಾರಿ: 1930

ಬ್ರಿಟಿಷ್ ಇಂಡಿಯಾ ಶಿಕ್ಷೆಯನ್ನೇ ನಂಬಿ ಕೂತಿದ್ದ ಕಾಲದಲ್ಲಿ ನಮ್ಮ ಹಳೇ ಮೈಸೂರು ಸಂಸ್ಥಾನ ಬೇರೆ ಹೆಜ್ಜೆ ಇಟ್ಟಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅರಸರು, ಮಿರ್ಜಾ ಇಸ್ಮಾಯಿಲ್ ದಿವಾನರು. 1930ರಲ್ಲಿ ಮೈಸೂರು ಸರ್ಕಾರ ತನ್ನ ದೊಡ್ಡ ಆಸ್ಪತ್ರೆಗಳಲ್ಲಿ ಗರ್ಭನಿರೋಧದ ಸಲಹೆ ಕೊಡುವ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತು. ಸರ್ಕಾರವೇ ಮುಂದೆ ನಿಂತು ತೆರೆದ ಇಂಥ ಕ್ಲಿನಿಕ್‌ಗಳಲ್ಲಿ ಜಗತ್ತಿಗೇ ಇವು ಮೊದಲು ಎಂದು ಇತಿಹಾಸದಲ್ಲಿ ಇದನ್ನು ಗುರುತಿಸುತ್ತಾರೆ. ಆಗ ಇಂಗ್ಲೆಂಡ್, ಅಮೆರಿಕದಲ್ಲೂ ಈ ಕೆಲಸ ಮಾಡುತ್ತಿದ್ದವರು ಖಾಸಗಿ ಸಂಘಟನೆಗಳವರು.

ಇದರ ಹಿಂದಿನ ಲೆಕ್ಕ ಸರಳ. ಬೇಡದ ಬಸಿರು ನಿಲ್ಲದಿದ್ದರೆ ತೆಗೆಸುವ ಪ್ರಶ್ನೆಯೇ ಬರುವುದಿಲ್ಲ. ಹೆದರಿಸುವ ಬದಲು ಮೊದಲೇ ತಿಳಿವಳಿಕೆ ಕೊಡು, ಸಾಧನ ಕೊಡು. ಆ ಕ್ಲಿನಿಕ್‌ಗಳು ಪೇಟೆಯ ಆಸ್ಪತ್ರೆಗಳಲ್ಲಿದ್ದವು, ಹಳ್ಳಿಯ ಹೆಂಗಸಿಗೆ ದೂರವೇ ಇದ್ದವು. ಆದರೂ ದಾರಿ ಸರಿಯಿತ್ತು.

1952ರಲ್ಲಿ ಭಾರತ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮ ಮಾಡಿತು. ಹಾಗೆ ಮಾಡಿದ ಮೊದಲ ದೇಶ ನಮ್ಮದು. ಆದರೆ ಮುಂದಿನ ವರ್ಷಗಳಲ್ಲಿ ಅದರ ಗುರಿ ಬದಲಾಗುತ್ತಾ ಹೋಯಿತು. ತಾಯಿಗೆ ಏನು ಬೇಕು ಎಂಬ ಪ್ರಶ್ನೆ ಹಿಂದೆ ಸರಿಯಿತು. ದೇಶದ ಜನಸಂಖ್ಯೆ ಎಷ್ಟಾಗಬೇಕು ಎಂಬ ಪ್ರಶ್ನೆ ಮುಂದೆ ಬಂತು. ಈ ಬದಲಾವಣೆಯನ್ನು ನೆನಪಿಟ್ಟುಕೊಳ್ಳಿ. ಮೂರನೇ ಬಸಿರಿನ ಕಥೆ ಶುರುವಾಗುವುದು ಇಲ್ಲಿಂದ.

ಡಾಕ್ಟರ ಕೈಗೆ ಅನುಮತಿ: 1971

ಶಾ ಸಮಿತಿಯ ವರದಿಯ ಮೇಲೆ 1971ರಲ್ಲಿ ವೈದ್ಯಕೀಯ ಗರ್ಭಪಾತ ಕಾಯ್ದೆ ಪಾಸಾಯಿತು. ಎಂಟಿಪಿ ಕಾಯ್ದೆ ಎಂದೇ ಎಲ್ಲರಿಗೂ ಗೊತ್ತು. 1972ರ ಏಪ್ರಿಲ್ 1ರಿಂದ ಜಾರಿಗೆ ಬಂತು. 12 ವಾರದವರೆಗೆ ಒಬ್ಬ ಡಾಕ್ಟರು, 12ರಿಂದ 20 ವಾರದವರೆಗೆ ಇಬ್ಬರು ಡಾಕ್ಟರು ಒಪ್ಪಿದರೆ ಗರ್ಭಪಾತ ಕಾನೂನುಬದ್ಧ. ತಾಯಿಯ ಜೀವಕ್ಕೆ ಅಪಾಯ, ದೇಹಕ್ಕೆ ಅಥವಾ ಮನಸ್ಸಿಗೆ ತೀವ್ರ ತೊಂದರೆ, ಅತ್ಯಾಚಾರ, ಮಗುವಿಗೆ ಗಂಭೀರ ನ್ಯೂನತೆ, ಮದುವೆಯಾದವಳಿಗೆ ಗರ್ಭನಿರೋಧ ಸಾಧನ ಕೈಕೊಟ್ಟಿದ್ದು, ಇವು ಒಪ್ಪಿತ ಕಾರಣಗಳು.

ಇದರಿಂದ ಬಹಳ ಹೆಂಗಸರ ಜೀವ ಉಳಿಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎರಡು ಕೊರತೆ ಉಳಿದವು. ಒಂದು, ತೀರ್ಮಾನ ಹೆಂಗಸಿನದಲ್ಲ, ಡಾಕ್ಟರದು. ಎರಡು, ಅನುಮತಿ ಇರುವ ಡಾಕ್ಟರು ಪೇಟೆಯಲ್ಲಿದ್ದರು, ಬೇಕಾದವಳು ಹಳ್ಳಿಯಲ್ಲಿದ್ದಳು. ಆ ದೂರ ಇನ್ನೂ ಪೂರ್ತಿ ಮುಚ್ಚಿಲ್ಲ. 2015ರಲ್ಲಿ ದೇಶದಲ್ಲಿ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತ ಆಗಿವೆ ಎಂದು ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಅಂದಾಜಿಸಿತು. ಅವುಗಳಲ್ಲಿ ಸುಮಾರು ಮುಕ್ಕಾಲು ಪಾಲು ಆದದ್ದು ಆಸ್ಪತ್ರೆಯ ಹೊರಗೆ, ಮೆಡಿಕಲ್ ಸ್ಟೋರಿನಿಂದ ತಂದ ಮಾತ್ರೆಯಿಂದ. ಆ ವರ್ಷ ನಿಂತ ಬಸಿರುಗಳಲ್ಲಿ ಹೆಚ್ಚುಕಡಿಮೆ ಅರ್ಧ ಬಯಸದೇ ಬಂದವು ಎಂದೂ ಅದೇ ಅಧ್ಯಯನ ಹೇಳಿತು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಗರ್ಭಪಾತ ಬೇರೆ, ಹೆಣ್ಣು ಎಂದು ತಿಳಿದು ತೆಗೆಸುವುದು ಬೇರೆ. ಮೊದಲನೆಯದು ಕಾನೂನು ಕೊಟ್ಟಿರುವ ಚಿಕಿತ್ಸೆ. ಎರಡನೆಯದರಲ್ಲಿ ಲಿಂಗಪತ್ತೆ ಎಂಬ ಅಪರಾಧ ಇದೆ. ಊರಲ್ಲಿ ಇವೆರಡನ್ನೂ ಒಂದೇ ಮಾಡಿ ಮಾತಾಡುವುದರಿಂದ ನಿಜವಾದ ಕಷ್ಟದಲ್ಲಿರುವ ಹೆಣ್ಣುಮಗಳೂ ಬಾಯಿ ಬಿಡಲು ಹೆದರುತ್ತಾಳೆ.

ಆರತಿಗೊಬ್ಬಳು, ಕೀರ್ತಿಗೊಬ್ಬ

ತುರ್ತು ಪರಿಸ್ಥಿತಿಯ ಕಾಲ ನಮ್ಮ ಅಜ್ಜ ಅಜ್ಜಿಯರಿಗೆ ಚೆನ್ನಾಗಿ ನೆನಪಿದೆ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 82 ಲಕ್ಷಕ್ಕೂ ಹೆಚ್ಚು ಸಂತಾನಹರಣ ಆಪರೇಷನ್ ಆದವು. ಮೇಷ್ಟ್ರುಗಳಿಗೂ, ಗುಮಾಸ್ತರಿಗೂ ಟಾರ್ಗೆಟ್ ಇತ್ತು. 1977ರ ಚುನಾವಣೆಯಲ್ಲಿ ಸರ್ಕಾರ ಬಿದ್ದು ಹೋಯಿತು. ಇಲಾಖೆಯ ಹೆಸರು ಕುಟುಂಬ ಯೋಜನೆಯಿಂದ ಕುಟುಂಬ ಕಲ್ಯಾಣಕ್ಕೆ ಬದಲಾಯಿತು. ಗಂಡಸರ ಆಪರೇಷನ್ ಹೆಚ್ಚುಕಡಿಮೆ ನಿಂತು ಹೋಗಿ, ಭಾರವೆಲ್ಲ ಹೆಂಗಸರ ಮೈಮೇಲೆ ಬಂತು. ಹೆಸರು ಬದಲಾದರೂ ಮಕ್ಕಳನ್ನು ಎಣಿಸುವ ಅಭ್ಯಾಸ ಬದಲಾಗಲಿಲ್ಲ.

ನಾವಿಬ್ಬರು ನಮಗಿಬ್ಬರು ಎಂದು ಗೋಡೆಗಳ ಮೇಲೆ ಬರೆದರು. ಆರತಿಗೊಬ್ಬಳು, ಕೀರ್ತಿಗೊಬ್ಬ ಎಂಬ ಮಾತು ಮನೆಮನೆಗೆ ತಲುಪಿತು. ಕೇಳಲು ಚೆನ್ನಾಗಿದೆ. ಆದರೆ ಅದರೊಳಗೇ ಒಂದು ಹಂಚಿಕೆ ಇದೆ ನೋಡಿ. ಮಗಳು ಆರತಿ ಎತ್ತಲು, ಮಗ ಹೆಸರು ಉಳಿಸಲು. ಇಬ್ಬರೇ ಮಕ್ಕಳು ಎಂದ ಮೇಲೆ ಇಬ್ಬರಲ್ಲಿ ಒಬ್ಬ ಗಂಡಾಗಲೇಬೇಕು ಎಂಬ ಒತ್ತಡ ಹುಟ್ಟಿತು. ಹಿಂದೆ ಗಂಡಿಗಾಗಿ ಐದು, ಆರು ಹೆರುತ್ತಿದ್ದರು. ಈಗ ಹೆರುವ ಸಂಖ್ಯೆ ಕಡಿಮೆಯಾಯಿತು, ಗಂಡಿನ ಆಸೆ ಕಡಿಮೆಯಾಗಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು.

ಅದೇ ಕಾಲಕ್ಕೆ ಮೆಷಿನ್ ಬಂತು. ಗರ್ಭದ ನೀರು ತೆಗೆದು ಪರೀಕ್ಷೆ ಮಾಡುವ ವಿಧಾನ 1970ರ ದಶಕದಲ್ಲಿ ಮಗುವಿನ ನ್ಯೂನತೆ ಕಂಡುಹಿಡಿಯಲು ಬಂದದ್ದು. ಬೇಗನೇ ಅದು ಹೆಣ್ಣೋ ಗಂಡೋ ಹೇಳುವ ವ್ಯಾಪಾರವಾಯಿತು. ಆಮೇಲೆ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಬಂತು, ಇನ್ನೂ ಅಗ್ಗ, ಇನ್ನೂ ಸುಲಭ. ಇವತ್ತು ಕೆಲವು ನೂರು ಖರ್ಚು ಮಾಡಿ, ಮುಂದೆ ವರದಕ್ಷಿಣೆಯ ಸಾವಿರಾರು ಉಳಿಸಿ ಎಂಬರ್ಥದ ಜಾಹೀರಾತುಗಳನ್ನು ಉತ್ತರದ, ಪಶ್ಚಿಮದ ನಗರಗಳಲ್ಲಿ ರಾಜಾರೋಷವಾಗಿ ಹಾಕುತ್ತಿದ್ದರು.

ಮೆಷಿನ್ ಹಿಂದೆ ಬಿದ್ದ ಕಾನೂನು: 1994

ಮಹಿಳಾ ಸಂಘಟನೆಗಳ ಹೋರಾಟದಿಂದ 1988ರಲ್ಲಿ ಮಹಾರಾಷ್ಟ್ರ ಮೊದಲು ಲಿಂಗಪತ್ತೆ ನಿಷೇಧಿಸಿತು. 1994ರಲ್ಲಿ ಸಂಸತ್ತು ಇಡೀ ದೇಶಕ್ಕೆ ಕಾಯ್ದೆ ಮಾಡಿತು. 1996ರ ಜನವರಿ 1ರಿಂದ ಅದು ಜಾರಿ. ಆದರೆ ಕೆಲಸ ನಡೆಯಲಿಲ್ಲ. 2000ದಲ್ಲಿ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. ಕೋರ್ಟ್ ಚಾಟಿ ಬೀಸಿದ ಮೇಲೆ, 2003ರಲ್ಲಿ, ಕಾಯ್ದೆಗೆ ತಿದ್ದುಪಡಿ ಬಂದು ಬಿಗಿಯಾಯಿತು. ಸ್ಕ್ಯಾನಿಂಗ್ ಸೆಂಟರಿನಲ್ಲಿ "ಇಲ್ಲಿ ಲಿಂಗಪತ್ತೆ ಮಾಡುವುದಿಲ್ಲ" ಎಂಬ ಬೋರ್ಡ್, ಪ್ರತಿ ಬಸುರಿಗೂ ತುಂಬುವ ಎಫ್ ಫಾರಂ, ಮೆಷಿನ್ ನೋಂದಣಿ, ಎಲ್ಲವೂ ಈ ಕಾಯ್ದೆಯಿಂದ ಬಂದದ್ದು. ಮೊದಲ ತಪ್ಪಿಗೆ ಡಾಕ್ಟರಿಗೆ ಮೂರು ವರ್ಷದವರೆಗೆ ಜೈಲು, 10 ಸಾವಿರದವರೆಗೆ ದಂಡ. ಪತ್ತೆ ಮಾಡಿಸಲು ಕರೆದುಕೊಂಡು ಹೋದ ಗಂಡ, ಅತ್ತೆ, ನೆಂಟರಿಗೆ ಮೂರು ವರ್ಷದವರೆಗೆ ಜೈಲು, 50 ಸಾವಿರದವರೆಗೆ ದಂಡ. ಬಸುರಿಯನ್ನು ಬಲವಂತದಿಂದ ಕರೆತಂದಿದ್ದಾರೆ ಎಂದೇ ಕಾನೂನು ಮೊದಲು ಭಾವಿಸುತ್ತದೆ. ಅಷ್ಟರ ಮಟ್ಟಿಗೆ ಇದು 1860ರ ಕಾನೂನಿಗಿಂತ ಒಳ್ಳೆಯದು.

ಜನಗಣತಿ ಏನು ಹೇಳುತ್ತದೆ ನೋಡೋಣ. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಕರ್ನಾಟಕದಲ್ಲಿ 1991ರಲ್ಲಿ 960 ಹೆಣ್ಣುಮಕ್ಕಳಿದ್ದರು. 2001ರಲ್ಲಿ 946. 2011ರಲ್ಲಿ 948. ಇಳಿಯುವುದು ನಿಂತಿತು, ಆದರೆ ಕಳೆದದ್ದು ವಾಪಸು ಬರಲಿಲ್ಲ. ಇಡೀ ದೇಶದಲ್ಲಿ 1991ರಲ್ಲಿ 945 ಇದ್ದದ್ದು 2001ರಲ್ಲಿ 927ಕ್ಕೆ ಇಳಿದು, 2011ರಲ್ಲಿ 920ಕ್ಕಿಂತಲೂ ಕೆಳಗೆ ಹೋಯಿತು.

ಕಾನೂನು ಮೆಷಿನ್ ಹಿಂದೆ ಓಡಿತು. ಮೆಷಿನ್ ಚಿಕ್ಕದಾಗುತ್ತಾ, ಕಾರಿನಲ್ಲಿ ಇಟ್ಟುಕೊಂಡು ಹೋಗುವಷ್ಟಾಯಿತು. ಬೋರ್ಡ್ ಹಾಕಿದ ಸೆಂಟರನ್ನು ತಪಾಸಣೆ ಮಾಡಬಹುದು, ಆಲೆಮನೆಯನ್ನು ಯಾರು ತಪಾಸಣೆ ಮಾಡುತ್ತಾರೆ? ಬಿಗಿ ಮಾಡಿದಾಗಲೆಲ್ಲ ಇನ್ನೊಂದು ತೊಂದರೆಯೂ ಆಯಿತು. ಕೇಸಿನ ಭಯಕ್ಕೆ ಕೆಲವು ಡಾಕ್ಟರು ಕಾನೂನುಬದ್ಧ ಗರ್ಭಪಾತಕ್ಕೂ ಹಿಂಜರಿಯತೊಡಗಿದರು.

ಬಾಂಡಿನ ದಾರಿ: 2006

ಹೆದರಿಸಿ ಆಗಲಿಲ್ಲ, ಹಣ ಕೊಟ್ಟು ನೋಡೋಣ ಎಂಬ ಯೋಚನೆ ಆಗಲೇ ಬೇರೆ ರಾಜ್ಯಗಳಲ್ಲಿ ಬಂದಿತ್ತು. ತಮಿಳುನಾಡು 1992ರಲ್ಲಿ ತೊಟ್ಟಿಲು ಯೋಜನೆ ತಂದಿತು. ಬೇಡದ ಹೆಣ್ಣುಕೂಸನ್ನು ಕೊಲ್ಲಬೇಡಿ, ಸರ್ಕಾರದ ತೊಟ್ಟಿಲಿಗೆ ಹಾಕಿ ಎಂದಿತು. ಹರಿಯಾಣ 1994ರಲ್ಲಿ ಹೆಣ್ಣುಮಗುವಿನ ಹೆಸರಿಗೆ ಬಾಂಡ್ ಇಟ್ಟು, 18 ತುಂಬುವವರೆಗೆ ಮದುವೆಯಾಗದಿದ್ದರೆ 25 ಸಾವಿರ ಎಂದಿತು. ಆ ಬಾಂಡುಗಳು 2012ರಲ್ಲಿ ಕೈಗೆ ಬಂದಾಗ ನಡೆದ ಅಧ್ಯಯನದಲ್ಲಿ ತಿಳಿದದ್ದು ಇದು: ಹುಡುಗಿಯರು ಸ್ವಲ್ಪ ಹೆಚ್ಚು ಓದಿದರು, ಆದರೆ ಬಹಳಷ್ಟು ಮನೆಯವರು ಆ ಹಣವನ್ನು ಮದುವೆ ಖರ್ಚಿಗೆಂದೇ ಕಂಡರು.

ಕರ್ನಾಟಕದಲ್ಲಿ 2006-07ರಲ್ಲಿ ಭಾಗ್ಯಲಕ್ಷ್ಮಿ ಬಂತು. 2006ರ ಮಾರ್ಚ್ 31ರ ನಂತರ ಬಿಪಿಎಲ್ ಕುಟುಂಬದಲ್ಲಿ ಹುಟ್ಟಿದ ಹೆಣ್ಣುಮಗುವಿನ ಹೆಸರಿಗೆ ಸರ್ಕಾರ 10 ಸಾವಿರ ಠೇವಣಿ ಇಟ್ಟಿತು. 18 ತುಂಬಿದಾಗ ಸುಮಾರು 34 ಸಾವಿರ ಸಿಗುವ ಲೆಕ್ಕ. 2008ರ ಆಗಸ್ಟಿನಿಂದ ಠೇವಣಿ ಹೆಚ್ಚಿಸಿ, ಕೊನೆಗೆ ಒಂದು ಲಕ್ಷ ಚಿಲ್ಲರೆ ಬರುವಂತೆ ಮಾಡಿದರು. ಮುಂದೆ ಯೋಜನೆ ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿ ಖಾತೆಗೆ ಬದಲಾಯಿತು. ಷರತ್ತುಗಳೂ ಇದ್ದವು. ಚುಚ್ಚುಮದ್ದು ಹಾಕಿಸಬೇಕು, ಅಂಗನವಾಡಿಗೆ ಸೇರಿಸಬೇಕು, ಕನಿಷ್ಠ ಎಂಟನೇ ಕ್ಲಾಸು ಓದಿಸಬೇಕು, ಕೂಲಿಗೆ ಕಳಿಸಬಾರದು, 18ಕ್ಕೆ ಮುಂಚೆ ಮದುವೆ ಮಾಡಬಾರದು.

ಇದರಿಂದ ಏನೂ ಆಗಲಿಲ್ಲ ಎಂದರೆ ತಪ್ಪಾಗುತ್ತದೆ. ಹೆಣ್ಣುಮಗುವಿನ ಜನನ ನೋಂದಣಿಗೆ, ಚುಚ್ಚುಮದ್ದಿಗೆ, ಶಾಲೆಗೆ ಮನೆಯಲ್ಲಿ ಒಂದು ಕಾರಣ ಸಿಕ್ಕಿತು. ಮಗಳ ಹೆಸರು ಬರೆದ ಒಂದು ಸರ್ಕಾರಿ ಕಾಗದ ಮನೆಯ ಟ್ರಂಕಿನಲ್ಲಿ ಇದೆ ಎಂಬುದೇ ಕೆಲವು ತಾಯಂದಿರಿಗೆ ಧೈರ್ಯವಾಗಿತ್ತು.

ಆದರೆ ಬೆಲೆ ಏರಿದ್ದನ್ನೂ ನೋಡಬೇಕು. ಹಳ್ಳಿಯಲ್ಲಿ ಹೆಣ್ಣುಮಗಳ ಲೆಕ್ಕ ಹಾಕುವುದು ಬಂಗಾರದಲ್ಲಿ. 2008ರಲ್ಲಿ ಹತ್ತು ಗ್ರಾಂ ಬಂಗಾರ ಸುಮಾರು 12 ಸಾವಿರ ಇತ್ತು. 2024ರಲ್ಲಿ 70 ಸಾವಿರ ದಾಟಿತ್ತು. ಬಾಂಡ್ ಬರೆದ ದಿನ ಒಂದು ಲಕ್ಷಕ್ಕೆ 80 ಗ್ರಾಂ ಬರುತ್ತಿತ್ತು, ಹದಿನೆಂಟು ವರ್ಷ ತುಂಬುವ ಹೊತ್ತಿಗೆ 15 ಗ್ರಾಂ ಕೂಡ ಬರುವುದಿಲ್ಲ.

ನೆರವು ನಿಲ್ಲುವ ಜಾಗ

ಬೆಲೆಗಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಅಂಗನವಾಡಿ ಜಗಲಿಯ ಮೇಲೆ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆ ಅದು: ದೊಡ್ಡವಳಿಗಿದೆ, ಎರಡನೆಯವಳಿಗಿದೆ, ಚಿಕ್ಕವಳಿಗೆ ಯಾಕಿಲ್ಲ?

ಭಾಗ್ಯಲಕ್ಷ್ಮಿ ಒಂದು ಮನೆಗೆ ಇಬ್ಬರು ಹೆಣ್ಣುಮಕ್ಕಳಿಗೆ ಮಾತ್ರ. ಒಟ್ಟು ಮಕ್ಕಳು ಮೂರಕ್ಕಿಂತ ಹೆಚ್ಚಿರಬಾರದು, ತಂದೆ ಅಥವಾ ತಾಯಿ ಆಪರೇಷನ್ ಮಾಡಿಸಿಕೊಂಡಿರಬೇಕು ಎಂದೂ ಶುರುವಿನ ನಿಯಮದಲ್ಲಿತ್ತು. ಹೆಣ್ಣುಮಗುವನ್ನು ಉಳಿಸುವ ಯೋಜನೆಯ ಒಳಗೇ ಜನಸಂಖ್ಯೆ ನಿಯಂತ್ರಣದ ಹಳೇ ಎಣಿಕೆ ಕೂತಿತ್ತು.

ಈಗ ಇನ್ನೊಂದು ಅಂಕಿ ನೋಡಿ. 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನವೊಂದು ಭಾರತದ ಲಕ್ಷಾಂತರ ಹೆರಿಗೆಗಳನ್ನು ಪರಿಶೀಲಿಸಿತು. ಮೊದಲನೆಯದು ಹೆಣ್ಣಾಗಿದ್ದ ಮನೆಗಳಲ್ಲಿ, ಎರಡನೇ ಹೆರಿಗೆಯಲ್ಲಿ ಸಾವಿರ ಗಂಡಿಗೆ ಎಷ್ಟು ಹೆಣ್ಣು ಹುಟ್ಟಿದವು ಎಂದು ಎಣಿಸಿತು. 1990ರಲ್ಲಿ 906, 2005ರಲ್ಲಿ 836. ಮೊದಲನೆಯದು ಗಂಡಾಗಿದ್ದ ಮನೆಗಳಲ್ಲಿ ಹೀಗೆ ಇಳಿದಿರಲಿಲ್ಲ. ಅಂದರೆ ಮೊದಲ ಬಸಿರಿನಲ್ಲಿ ಈ ಕೆಲಸ ಹೆಚ್ಚು ಆಗುವುದಿಲ್ಲ. ಮಡಿಲಲ್ಲಿ ಆಗಲೇ ಹೆಣ್ಣುಮಗು ಇರುವ ತಾಯಿಯ ಮುಂದಿನ ಬಸಿರಿನಲ್ಲಿ ಆಗುತ್ತದೆ. ಈ ಇಳಿತ ಓದಿದವರಲ್ಲಿ, ಅನುಕೂಲಸ್ಥರಲ್ಲಿ ಹೆಚ್ಚು ಎಂದೂ ಅದೇ ಅಧ್ಯಯನ ಕಂಡಿತು. ಅವರಿಗೆ ಬಿಪಿಎಲ್ ಕಾರ್ಡೂ ಇಲ್ಲ, ಬಾಂಡೂ ಇಲ್ಲ.

ಉಳಿದ ನೆರವುಗಳೂ ಹೀಗೇ ಎಣಿಸುತ್ತವೆ. 2013ರ ಆಹಾರ ಭದ್ರತಾ ಕಾಯ್ದೆ, ಸರ್ಕಾರಿ ನೌಕರರನ್ನು ಬಿಟ್ಟು ಎಲ್ಲ ಬಸುರಿ ಬಾಣಂತಿಯರಿಗೆ ಕನಿಷ್ಠ 6 ಸಾವಿರ ಹೆರಿಗೆ ನೆರವು ಎಂದಿತು. 2017ರಲ್ಲಿ ಮಾತೃವಂದನಾ ಯೋಜನೆ ಬಂದಾಗ ಅದು ಮೊದಲ ಮಗುವಿಗೆ ಮಾತ್ರ 5 ಸಾವಿರ ಎಂದಾಯಿತು. 2022ರಿಂದ ಎರಡನೆಯದಕ್ಕೂ 6 ಸಾವಿರ, ಆದರೆ ಎರಡನೆಯದು ಹೆಣ್ಣಾದರೆ ಮಾತ್ರ. ಮೂರನೆಯದಕ್ಕೆ ಏನೂ ಇಲ್ಲ. ಕೆಲಸದಲ್ಲಿರುವ ಹೆಂಗಸಿಗೆ 2017ರ ತಿದ್ದುಪಡಿ 26 ವಾರ ಹೆರಿಗೆ ರಜೆ ಕೊಟ್ಟಿತು. ಇಬ್ಬರು ಮಕ್ಕಳಿದ್ದವಳಿಗೆ 12 ವಾರ ಮಾತ್ರ.

ಇಬ್ಬರು ಹೆಣ್ಣುಮಕ್ಕಳನ್ನು ಇಟ್ಟುಕೊಂಡು ಮೂರನೇ ಸಲ ಬಸುರಿಯಾದವಳನ್ನು ಮನಸ್ಸಿಗೆ ತಂದುಕೊಳ್ಳಿ. ಅತ್ತೆಯ ಮಾತು ಅವಳ ಮೇಲೆ. ಗಂಡನ ಸಿಟ್ಟು ಅವಳ ಮೇಲೆ. ದಲ್ಲಾಳಿಯ ಕಾರು ಬಂದು ನಿಲ್ಲುವುದು ಅವಳ ಮನೆ ಮುಂದೆ. ಸರ್ಕಾರದ ಬಾಂಡು, ಹೆರಿಗೆ ಹಣ, ರಜೆ ಎಲ್ಲ ಕೈಬಿಡುವುದೂ ಅಲ್ಲೇ. ಒತ್ತಡ ಅತಿ ಹೆಚ್ಚಾಗುವ ಜಾಗದಲ್ಲಿ ನೆರವು ಸೊನ್ನೆಯಾಗುತ್ತದೆ. ಆಮೇಲೆ ಅವಳ ಹತ್ತಿರ ಬರುವ ಸರ್ಕಾರ ಒಂದೇ, ಪೊಲೀಸು.

ಎಣಿಸದೆ ಕೊಟ್ಟದ್ದು

ಎಣಿಸದೆ ಕೊಟ್ಟ ನೆರವೂ ನಮ್ಮಲ್ಲಿದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಮೊದಲು ಶುರುವಾದದ್ದು ತಿ.ನರಸೀಪುರದಲ್ಲಿ. ಬಸುರಿಗೆ ಆಹಾರ ಕೊಡುವಾಗ ಅಂಗನವಾಡಿ ಇದು ಎಷ್ಟನೇ ಬಸಿರು ಎಂದು ಕೇಳಿ ವಾಪಸು ಕಳಿಸುವುದಿಲ್ಲ. 2005ರ ಜನನಿ ಸುರಕ್ಷಾ ಯೋಜನೆಯಲ್ಲಿ ನಮ್ಮಂಥ ರಾಜ್ಯಗಳಿಗೆ ಎರಡು ಹೆರಿಗೆಯ ಮಿತಿ ಇತ್ತು, 2013ರಲ್ಲಿ ಅದನ್ನು ತೆಗೆದರು. ಆಶಾ ಅಕ್ಕಂದಿರು ಮನೆ ಬಾಗಿಲಿಗೆ ಬಂದರು, ತಾಯಿ ಕಾರ್ಡ್ ಬಂತು, ಆಂಬ್ಯುಲೆನ್ಸ್ ಬಂತು. 2017ರಲ್ಲಿ ಮಾತೃಪೂರ್ಣದ ಬಿಸಿಯೂಟ ಬಂತು.

ಫಲ ಏನು? 2004-06ರಲ್ಲಿ ಕರ್ನಾಟಕದಲ್ಲಿ ಲಕ್ಷ ಹೆರಿಗೆಗೆ 213 ತಾಯಂದಿರು ಸಾಯುತ್ತಿದ್ದರು. 2018-20ರಲ್ಲಿ ಅದು 69ಕ್ಕೆ ಇಳಿಯಿತು. ಇದು ಗರ್ಭಪಾತದ ಅಂಕಿ ಅಲ್ಲ, ನಿಜ. ಆದರೆ ಎಲ್ಲರಿಗೂ ಕೊಟ್ಟ ಸೇವೆ ಎಲ್ಲರನ್ನೂ ತಲುಪುತ್ತದೆ ಎಂದು ತೋರಿಸುವ ಅಂಕಿ.

ಗಂಡಿನ ಆಸೆ ಇಳಿಸಿದ ದೇಶ

ನೆರವು ಸಾಕೇ? ಸಾಲದು. ಗಂಡೇ ಬೇಕು ಎನ್ನುವ ಕಾರಣಗಳು ಕರಗಬೇಕು. ಅದು ಆಗದ ಮಾತು ಎನ್ನುವವರಿಗೆ ದಕ್ಷಿಣ ಕೊರಿಯಾದ ಕಥೆ ಹೇಳಬೇಕು.

ಸಹಜವಾಗಿ ಸಾವಿರ ಗಂಡು ಹುಟ್ಟುವ ಕಡೆ ಸುಮಾರು 950 ಹೆಣ್ಣು ಹುಟ್ಟುತ್ತವೆ. 1990ರಲ್ಲಿ ಕೊರಿಯಾದಲ್ಲಿ ಸಾವಿರ ಗಂಡಿಗೆ 860ರಷ್ಟು ಹೆಣ್ಣು ಮಾತ್ರ ಹುಟ್ಟಿದವು. ಅಲ್ಲೂ ವಂಶ ಗಂಡಿನಿಂದ, ಹಿರಿಯರ ಪೂಜೆ ಗಂಡಿನಿಂದ. 1987ರಲ್ಲೇ ಲಿಂಗಪತ್ತೆ ನಿಷೇಧಿಸಿದ್ದರು, ಆದರೂ ಹೀಗಾಯಿತು. ಆದರೆ 2000ದ ದಶಕದ ಕೊನೆಗೆ ಅಂಕಿ ಹೆಚ್ಚುಕಡಿಮೆ ಸಹಜಕ್ಕೆ ಬಂತು.

ಬರೀ ಕಾನೂನಿನಿಂದ ಇದಾಗಲಿಲ್ಲ. ಹೆಣ್ಣುಮಕ್ಕಳು ಓದಿ ಕೆಲಸಕ್ಕೆ ಹೋದರು. ಜನ ಊರು ಬಿಟ್ಟು ನಗರ ಸೇರಿದರು. 1988ರಲ್ಲಿ ರಾಷ್ಟ್ರೀಯ ಪಿಂಚಣಿ ಶುರುವಾಯಿತು, ಮುಪ್ಪಿನಲ್ಲಿ ಮಗನೇ ಗತಿ ಎಂಬ ಮಾತು ಸಡಿಲವಾಯಿತು. ಮನೆಯ ಯಜಮಾನಿಕೆ ಗಂಡಿನ ಸಾಲಿನಲ್ಲೇ ಹೋಗಬೇಕು ಎಂಬ ಕಾನೂನನ್ನು 2005ರಲ್ಲಿ ಅಲ್ಲಿನ ನ್ಯಾಯಾಲಯ, ಸಂಸತ್ತು ಕೈಬಿಟ್ಟವು. ಮಗಳಿದ್ದರೂ ಬದುಕು ನಡೆಯುತ್ತದೆ ಎಂದು ಜನಕ್ಕೆ ಕಣ್ಣಾರೆ ಕಂಡಿತು.

ನಮ್ಮಲ್ಲೂ ಕಾಗದದ ಮೇಲೆ ಇವೆಲ್ಲ ಇವೆ. ಕರ್ನಾಟಕ 1994ರಲ್ಲೇ, ಲಿಂಗಪತ್ತೆ ಕಾಯ್ದೆ ಬಂದ ಅದೇ ವರ್ಷ, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಕೊಡುವ ತಿದ್ದುಪಡಿ ತಂದಿತು. ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. 2007ರಲ್ಲಿ ಸಂಧ್ಯಾ ಸುರಕ್ಷಾ ಪಿಂಚಣಿ ಬಂತು, ತಿಂಗಳಿಗೆ 400 ರೂಪಾಯಿ. ಆಮೇಲೆ 1,200ಕ್ಕೆ ಏರಿತು. ಆದರೆ ಅದನ್ನು ನಂಬಿ ಮಗ ಬೇಡ ಎನ್ನುವ ಧೈರ್ಯ ಯಾರಿಗೆ ಬರುತ್ತದೆ? ಪಾಲಿನ ಕಥೆಯೂ ಅಷ್ಟೇ. ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಅರ್ಧ ದಿನ ಕೂತರೆ ಗೊತ್ತಾಗುತ್ತದೆ. ಹೆಣ್ಣುಮಕ್ಕಳು ಬರುತ್ತಾರೆ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಾರೆ. ಅರಿಶಿನ ಕುಂಕುಮಕ್ಕೆ ಅಂತ ಅಣ್ಣ ಒಂದಿಷ್ಟು ಕೊಡುತ್ತಾನೆ. ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆ. ಪಾಲು ಸಿಗದ ಮಗಳು ಹೆತ್ತವರಿಗೆ ಖರ್ಚಾಗಿಯೇ ಕಾಣುತ್ತಾಳೆ. ಆ ಲೆಕ್ಕ ಮೂರು ತಿಂಗಳ ಬಸಿರಿನ ಮೇಲೂ ಬೀಳುತ್ತದೆ.

ಈಗ ಏನು ಮಾಡಬಹುದು

ಹೊಸ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಗೆ ಬಂದಿದೆ. 1860ರ ಆ ಶಿಕ್ಷೆಯ ಕಲಂ ಅದರಲ್ಲಿ 88ನೇ ಕಲಂ ಆಗಿ ಹಾಗೇ ಉಳಿದಿದೆ. ಆದರೆ ಎಂಟಿಪಿ ಕಾಯ್ದೆಯ ರಕ್ಷಣೆಯೂ ಇದೆ, 2021ರಲ್ಲಿ ಅದನ್ನು ವಿಸ್ತರಿಸಿದ್ದಾರೆ. 20 ವಾರದವರೆಗೆ ಒಬ್ಬ ಡಾಕ್ಟರು ಒಪ್ಪಿದರೆ ಸಾಕು. ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತರು, ಈ ನಡುವೆ ಗಂಡ ಸತ್ತವರು ಅಥವಾ ವಿಚ್ಛೇದನವಾದವರು ಮುಂತಾದವರಿಗೆ ಇಬ್ಬರು ಡಾಕ್ಟರ ಒಪ್ಪಿಗೆಯೊಂದಿಗೆ 24 ವಾರದವರೆಗೆ. 2022ರಲ್ಲಿ ಸುಪ್ರೀಂ ಕೋರ್ಟ್ ಮದುವೆಯಾಗದವರಿಗೂ ಇದೇ ಹಕ್ಕಿದೆ ಎಂದಿತು. 18 ತುಂಬಿದ ಹೆಂಗಸಿಗೆ ತನ್ನ ಒಪ್ಪಿಗೆ ಒಂದೇ ಸಾಕು, ಗಂಡನ ಸಹಿ ಕಾನೂನು ಕೇಳುವುದಿಲ್ಲ. ಹೆಸರನ್ನು ಗುಟ್ಟಾಗಿ ಇಡುವುದು ಆಸ್ಪತ್ರೆಯ ಕರ್ತವ್ಯ. ಮೆಡಿಕಲ್ ಸ್ಟೋರಿನ ಮಾತ್ರೆ ತಂದು ಮನೆಯಲ್ಲಿ ನುಂಗಿ ರಕ್ತ ಹೋಗುತ್ತಾ ಕೂರುವ ಬದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ದಾರಿ ಗೊತ್ತಾಗದಿದ್ದರೆ 104ಕ್ಕೆ ಫೋನ್ ಮಾಡಿ ಕೇಳಿ.

ಆಲೆಮನೆಯ ದಲ್ಲಾಳಿಗೆ ಶಿಕ್ಷೆ ಆಗಲೇಬೇಕು. ಆದರೆ 160 ವರ್ಷದ ಕಥೆ ಹೇಳುವುದು ಶಿಕ್ಷೆಯೊಂದನ್ನೇ ನಂಬಿದರೆ ಜಾಗ ಬದಲಾಗುತ್ತದೆ, ಕೆಲಸ ನಿಲ್ಲುವುದಿಲ್ಲ ಎಂದು. ಬೇಡದ ಬಸಿರು ನಿಲ್ಲದಂತೆ ಸಾಧನ ಕೈಗೆ ಸಿಕ್ಕ ಕಡೆ, ಹೆರಿಗೆಯ ಭಾರ ಹಗುರವಾದ ಕಡೆ, ಮಗಳು ಮನೆಗೆ ಆಸರೆಯಾದ ಕಡೆ ಬದಲಾವಣೆ ಬಂದಿದೆ. ನಮ್ಮಲ್ಲಿ ಇಡಬೇಕಾದ ಒಂದು ಹೆಜ್ಜೆ ಸ್ಪಷ್ಟವಾಗಿದೆ: ತಾಯಿಗೆ ಕೊಡುವ ನೆರವಿನಿಂದ ಮಕ್ಕಳ ಎಣಿಕೆಯನ್ನು ತೆಗೆಯುವುದು. ಮೂರನೆಯವಳೂ ಹುಟ್ಟುವಾಗ ಮೊದಲನೆಯವಳಷ್ಟೇ ಹಸಿದು ಹುಟ್ಟುತ್ತಾಳೆ.

ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಮಾತು ಮುಗಿದ ಮೇಲೆ ಈ ಪ್ರಶ್ನೆಯನ್ನೂ ಯಾರಾದರೂ ಎತ್ತಲಿ. ನಮ್ಮೂರಲ್ಲಿ ಈಗ ಮೂರನೇ ಬಸಿರಿನಲ್ಲಿರುವ ಹೆಣ್ಣುಮಗಳಿಗೆ ಏನು ಸಿಗುತ್ತದೆ, ಯಾರು ಅವಳ ಮನೆಗೆ ಹೋಗಿ ಬರುತ್ತಿದ್ದಾರೆ ಎಂದು ಕೇಳಲಿ. ಉತ್ತರ ಆಶಾ ಅಕ್ಕನಿಗೆ ಗೊತ್ತಿರುತ್ತದೆ. ಇಷ್ಟು ದಿನ ಅವರನ್ನು ಯಾರೂ ಕೇಳಿಲ್ಲ, ಅಷ್ಟೇ.